ಅಡಿವೆಪ್ಪನವರು ತೊಳೆದ ಟ್ಯೂಬುಗಳು

ಲೀಡ್ಸ್‌ಗೆ ಬಂದ ಮೂರನೆಯ ದಿನವೇ ಒಬ್ಬರು ನನಗೆ ಬಾಯಿ ಮುಚ್ಚು ಅಂದರು. ಅದೂ ಅಚ್ಚ ಕನ್ನಡದಲ್ಲಿ. ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ನಿಂತು, ಹೆಡಿಂಗ್ಲೀಯ ಬಸ್ಸು ನನ್ನನ್ನು ನಲವತ್ತು ನಿಮಿಷ ಕಾಯಿಸಿದ ಕಥೆಯನ್ನು ನನ್ನ ಗೈಡ್ ಹೆಲೆನ್ ಅವರಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ಮೇಜಿನ ಆ ತುದಿಯಲ್ಲಿ ಬಿಳಿ ಕೋಟು ತೊಟ್ಟ, ಹಣೆಯ ಮೇಲೆ ತೆಳುವಾಗಿ ವಿಭೂತಿ ಇಟ್ಟ, ಐವತ್ತೆಂಟರ ಆಸುಪಾಸಿನವರೊಬ್ಬರು ಗಾಜಿನ ಟ್ಯೂಬುಗಳನ್ನು ಜೋಡಿಸುತ್ತಿದ್ದರು. ತಲೆ ಎತ್ತದೆಯೇ ಅಂದರು:

“ಬಾಯಿ ಮುಚ್ಚವಾ ತಂಗಿ. ಟ್ಯೂಬ್ ತೆರದಾವ.”

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಬೆಂಗಳೂರು ಬಿಟ್ಟು ಇಷ್ಟು ದೂರ ಬಂದದ್ದು ಇದನ್ನು ಕೇಳುವುದಕ್ಕೋ ಅನ್ನಿಸಿತು. ಮುಖ ಊದಿಸಿಕೊಂಡು ಆಚೆ ಹೋದೆ. ಮಧ್ಯಾಹ್ನ ಅವರೇ ಡಬ್ಬಿ ಹಿಡಿದು ಹುಡುಕಿಕೊಂಡು ಬಂದರು. ಒಳಗೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ನಾವು ಅಳೆಯುವುದು ಕಡಲ ನೀರಿನಲ್ಲಿ ಇದೆಯೋ ಇಲ್ಲವೋ ಅನ್ನುವಷ್ಟು ಅಮೋನಿಯಂ, ಮನುಷ್ಯನ ಉಸಿರಿನಲ್ಲಿ ಅದಕ್ಕಿಂತ ಹೆಚ್ಚು ಇರುತ್ತದೆ, ತೆರೆದ ಟ್ಯೂಬಿನ ಮುಂದೆ ಐದು ನಿಮಿಷ ಹರಟಿದರೆ ಹರಟಿದವರ ಉಸಿರನ್ನೇ ಅಳೆದು ಸಮುದ್ರ ಅಂದುಕೊಳ್ಳುತ್ತೇವೆ ಎಂದು ನಿಧಾನವಾಗಿ ಹೇಳಿದರು. ರೊಟ್ಟಿ ಮುರಿಯುತ್ತ ಕೇಳಿಸಿಕೊಂಡೆ. ಕೋಪ ಎಲ್ಲಿ ಹೋಯಿತೋ ಗೊತ್ತಿಲ್ಲ.

ಅವರು ಅಡಿವೆಪ್ಪನವರು. ನಮ್ಮ ಲ್ಯಾಬಿನ ಟೆಕ್ನಿಶಿಯನ್. ಧಾರವಾಡದಲ್ಲಿ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವರು. ಹೆಂಡತಿ ಪ್ರಭಾವತಿಯವರಿಗೆ ಇಲ್ಲಿ ಡಾಕ್ಟರ್ ಕೆಲಸ ಸಿಕ್ಕಾಗ ಅವರ ವೀಸಾದ ಬೆನ್ನಿಗೆ ಹೊರಟುಬಂದರು. ಮೊದಲ ಎರಡು ವರ್ಷ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿದರು. ಆಮೇಲೆ ವಿಶ್ವವಿದ್ಯಾಲಯದಲ್ಲಿ ಬಾಟಲಿ ತೊಳೆಯುವ ಕೆಲಸ ಸಿಕ್ಕಿತು. ಎಂ.ಎಸ್ಸಿ. ಮಾಡಿದವರು ಬಾಟಲಿ ತೊಳೆಯುವುದೇ ಎಂದು ಕನ್ನಡ ಸಂಘದಲ್ಲಿ ಯಾರೋ ಕನಿಕರ ತೋರಿದರಂತೆ. “ತೊಳಿಯೂದಂದ್ರ ಅರ್ಧಾ ಕೆಮಿಸ್ಟ್ರಿ ರೀ” ಅಂದರಂತೆ ಇವರು. ಈಗ ಅವರು ಅಲ್ಲಿಯ ಸೀನಿಯರ್ ಟೆಕ್ನಿಶಿಯನ್, ಆದರೂ ತೊಳೆಯುವುದನ್ನು ಇನ್ನೊಬ್ಬರ ಕೈಗೆ ಕೊಟ್ಟಿಲ್ಲ. ಒಂದು ರಾತ್ರಿ ತೆಳು ಆಮ್ಲದಲ್ಲಿ ನೆನೆಹಾಕುವುದು, ಮೂರು ಸಲ ಶುದ್ಧ ನೀರಿನಲ್ಲಿ ಜಾಲಿಸುವುದು, ಆರಿಸುವುದು, ಫಾಯಿಲ್ ಮುಚ್ಚುವುದು. ಮೂರು ಅಂದರೆ ಮೂರು. ಎರಡೂವರೆಯಲ್ಲ.

ಸಂಘದ ಕಾರ್ಯಕ್ರಮಗಳಲ್ಲಿ ಅವರು ಎಲ್ಲರ ಹಾಗೆ ಬೆಂಗಳೂರಿನ ಕನ್ನಡ ಆಡುತ್ತಾರೆ. ಲ್ಯಾಬಿನಲ್ಲಿ ನಾವಿಬ್ಬರೇ ಇದ್ದಾಗ ಮಾತ್ರ ಧಾರವಾಡ ಹೊರಗೆ ಬರುತ್ತದೆ. ನನಗೆ ಮನೆ ಹುಡುಕಿಕೊಟ್ಟವರು ಅವರು, ವಿದ್ಯಾರ್ಥಿಗಳು ಕೌನ್ಸಿಲ್ ಟ್ಯಾಕ್ಸ್ ಅನ್ನುವ ಮನೆ ತೆರಿಗೆ ಕಟ್ಟಬೇಕಿಲ್ಲ ಎಂದು ಅರ್ಜಿ ತುಂಬಿಸಿದವರು ಅವರು, ಮೊದಲ ಚಳಿಗಾಲದಲ್ಲಿ ಕೆಮ್ಮು ಬಿಡದೆ ಕಾಡಿದಾಗ ಜಿಪಿ, ಅಂದರೆ ಬಡಾವಣೆಯ ಡಾಕ್ಟರ್ ಹತ್ತಿರ ಹೆಸರು ಬರೆಸಿ ಬಾ ಎಂದು ಗದರಿದವರು ಪ್ರಭಾವತಿಯವರು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಅಂಥವರಿಗೆ ನಾನು ಏನು ಮಾಡಿದೆ ಅನ್ನುವುದು ತಿಳಿಯಬೇಕು.

ನನ್ನ ಪಿಎಚ್‌ಡಿ ದಕ್ಷಿಣ ಧ್ರುವದ ಸುತ್ತಲಿನ ಕಡಲ ಮೇಲ್ಪದರದ ಸಾರಜನಕದ ಮೇಲೆ. ಮೊದಲ ವರ್ಷ ನಾನು ಇಂಗ್ಲಿಷ್ ಪೇಪರುಗಳನ್ನು ಓದಿ ಓದಿ ಸೋತಿದ್ದೆ. ಅಡಿವೆಪ್ಪನವರು ಒಂದು ಸಂಜೆ ಟ್ಯೂಬು ಜಾಲಿಸುತ್ತ ಅದನ್ನು ಬಿಡಿಸಿಟ್ಟರು.

“ಹೊಲಕ್ಕ ಯೂರಿಯಾ ಹಾಕಿದ್ರ ಏನಾಕ್ಕೈತಿ? ಅದು ಅಮೋನಿಯಂ ಆಗತೈತಿ. ಮಣ್ಣಾಗಿನ ಸೂಕ್ಷ್ಮ ಜೀವ ಅದನ್ನ ನೈಟ್ರೇಟ್ ಮಾಡ್ತಾವ. ಬೆಳಿ ಅದನ್ನ ತಿಂತೈತಿ. ಸಮುದ್ರದಾಗೂ ಅದ ನೋಡು. ಅಲ್ಲೆ ಯೂರಿಯಾ ಚೀಲ ಹೊತ್ಕೊಂಡು ಹೋಗಾವ್ರು ಯಾರೂ ಇಲ್ಲ, ಅಷ್ಟ.”

ಅಷ್ಟೇ. ಅಲ್ಲಿ ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಕಡಿಮೆ. ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳು ನೀರಿನಲ್ಲಿ ಹುಲುಸಾಗಿ ಬೆಳೆದು ನೈಟ್ರೇಟ್ ತಿನ್ನುತ್ತವೆ. ಅವನ್ನು ಸಣ್ಣ ಸೀಗಡಿಯಂಥ ಪ್ರಾಣಿಗಳು ತಿನ್ನುತ್ತವೆ, ಅವುಗಳ ಹೊಲಸಿನಿಂದ ನೀರಿಗೆ ಅಮೋನಿಯಂ ಸೇರುತ್ತದೆ. ಶರತ್ಕಾಲಕ್ಕೆ ಬೆಳಕು ಹೋಗುತ್ತದೆ, ಸಸ್ಯಗಳು ನಿಲ್ಲುತ್ತವೆ, ಅಮೋನಿಯಂ ತಿನ್ನುವವರಿಲ್ಲದೆ ಉಳಿಯುತ್ತದೆ. ಚಳಿಗಾಲದ ಕತ್ತಲೆಯಲ್ಲಿ ಸೂಕ್ಷ್ಮಾಣುಗಳು ಅದನ್ನು ಮತ್ತೆ ನೈಟ್ರೇಟ್ ಮಾಡುತ್ತವೆ. ಆಳದಿಂದಲೂ ಒಂದಷ್ಟು ನೈಟ್ರೇಟ್ ಮೇಲೆ ಬರುತ್ತದೆ. ವಸಂತ ಬರುವ ಹೊತ್ತಿಗೆ ಉಗ್ರಾಣ ತುಂಬಿರುತ್ತದೆ. ನನ್ನ ಪ್ರಶ್ನೆ ಒಂದೇ: ನಡು ಚಳಿಗಾಲದಲ್ಲಿ ಎಷ್ಟು ಅಮೋನಿಯಂ ಇನ್ನೂ ಉಳಿದಿರುತ್ತದೆ? ಬೇಸಿಗೆಯಲ್ಲಿ ಅಲ್ಲಿಗೆ ಹಡಗುಗಳು ಬೇಕಾದಷ್ಟು ಹೋಗುತ್ತವೆ. ಚಳಿಗಾಲದಲ್ಲಿ ಹೋಗುವವರು ಕಡಿಮೆ, ಆದ್ದರಿಂದ ಆ ನೀರಿಗೆ ಬಲು ಬೆಲೆ.

ಕಳೆದ ಜೂನ್, ಜುಲೈ ತಿಂಗಳುಗಳಲ್ಲಿ, ಅಲ್ಲಿ ಆಗ ನಡು ಚಳಿಗಾಲ, ನನಗೆ ಅಂಥ ಒಂದು ಹಡಗಿನಲ್ಲಿ ಜಾಗ ಸಿಕ್ಕಿತು. ಐದು ವಾರ ವಾಂತಿ ಮಾಡಿಕೊಂಡು, ಬೆರಳು ಮರಗಟ್ಟಿಸಿಕೊಂಡು, ಮಂಜುಗಡ್ಡೆಯ ಅಂಚಿನ ನೀರನ್ನು ಬಾಟಲಿಗಳಲ್ಲಿ ಹಿಡಿದು ಫ್ರೀಜರಿಗೆ ಹಾಕಿದೆ. ಪ್ರತಿ ಜಾಗದಿಂದ ಎರಡೆರಡು ಬಾಟಲಿ. ಒಂದು ನನಗೆ, ಇನ್ನೊಂದು ಬೇರೆ ಊರಿನ ಲ್ಯಾಬಿನಲ್ಲಿ ಆಗಬೇಕಿದ್ದ ಬೇರೊಂದು ಪರೀಕ್ಷೆಗೆ. ಒಮ್ಮೆ ಕರಗಿಸಿದ ಬಾಟಲಿ ಮತ್ತೆ ಬರುವುದಿಲ್ಲ. ಸೆಪ್ಟೆಂಬರ್ ನಡುವಿಗೆ ಎಲ್ಲವೂ ಹೆಪ್ಪುಗಟ್ಟಿದ ಹಾಗೆಯೇ ಲೀಡ್ಸ್ ತಲುಪಿದವು.

ಅವನ್ನು ಅಳೆಯುವ ದಿನ ಬಂದದ್ದು ಅಕ್ಟೋಬರ್ ಒಂದು, ಬುಧವಾರ. ಅವತ್ತೇ ಆಯುಧ ಪೂಜೆ. ಅಡಿವೆಪ್ಪನವರು ಹಬ್ಬಕ್ಕೆಂದು ಎರಡು ದಿನ ರಜೆ ಹಾಕಿ ಲೆಸ್ಟರಿನಲ್ಲಿರುವ ಪ್ರಭಾವತಿಯವರ ತಮ್ಮನ ಮನೆಗೆ ಹೋಗಿದ್ದರು. ಹೋಗುವ ಮುನ್ನ ನಲವತ್ತು ಟ್ಯೂಬು ತೊಳೆದು, ಫಾಯಿಲ್ ಮುಚ್ಚಿ ಇಟ್ಟಿದ್ದರು. ಬೆಳಿಗ್ಗೆ ಅಮ್ಮ ಫೋನಿನಲ್ಲಿ, “ನಿನ್ನ ಆ ಮಿಷನ್‌ಗೆ ಒಂದು ಕುಂಕುಮನಾದ್ರೂ ಇಡೇ. ಅದರಿಂದ ತಾನೇ ನಿನ್ನ ಓದು” ಅಂದಳು. ನಿಜ ಅನ್ನಿಸಿತು. ನಮ್ಮಪ್ಪ ಸ್ಕೂಟರನ್ನು ತೊಳೆದು ಹೊಳೆಯಿಸದೆ ಅದಕ್ಕೆ ಹೂ ಏರಿಸಿದವರಲ್ಲ. ಬಾಡಿಗೆ ಮನೆಯ ಸಿಂಕಿನ ಕೆಳಗೆ ಕಿಟಕಿ ಗಾಜು ಒರೆಸುವ ನೀಲಿ ದ್ರವದ ಬಾಟಲಿ ಇತ್ತು. ಅದನ್ನೂ, ಸೂಪರ್‌ಮಾರ್ಕೆಟ್ಟಿನ ಒಂದು ಕಟ್ಟು ಹಳದಿ ಸೇವಂತಿಗೆಯನ್ನೂ ಚೀಲಕ್ಕೆ ಹಾಕಿಕೊಂಡೆ.

ಅಮೋನಿಯಂ ಅಳೆಯುವ ಯಂತ್ರ ಸರಿಯಿದೆಯೇ ಎಂದು ಬೆಳಿಗ್ಗೆಯೇ ಶುದ್ಧ ನೀರಿನಲ್ಲಿ ಪರೀಕ್ಷಿಸಿದೆ. ಸರಿಯಿತ್ತು. ಕರಗಿದ ಕಡಲ ನೀರನ್ನು ನಲವತ್ತು ಟ್ಯೂಬುಗಳಿಗೆ ಸುರಿದು ಯಂತ್ರದ ಟ್ರೇಯಲ್ಲಿ ಜೋಡಿಸಿದೆ. ಆಗ ನೆನಪಾಯಿತು, ಪೂಜೆ ಆಗಲಿಲ್ಲವಲ್ಲ. ಟ್ಯೂಬುಗಳು ಬಾಯಿ ತೆರೆದುಕೊಂಡು ನಿಂತಿದ್ದವು. ನಾನು ಯಂತ್ರದ ಮುಚ್ಚಳದ ಗಾಜಿಗೆ, ಬದಿಗಳಿಗೆ ನೀಲಿ ದ್ರವ ಚಿಮುಕಿಸಿ ಬಟ್ಟೆಯಿಂದ ಒರೆಸಿದೆ. ಕುಂಕುಮ ಇಟ್ಟೆ, ಸೇವಂತಿಗೆ ಏರಿಸಿದೆ. ಬೆಂಕಿಯ ಅಲಾರಂ ಹೊಡೆದುಕೊಳ್ಳುತ್ತದೆ ಎಂದು ಊದುಬತ್ತಿ ಮಾತ್ರ ಹಚ್ಚಲಿಲ್ಲ. ಕೈ ಮುಗಿದು ಬಟನ್ ಒತ್ತಿದೆ. ಉಸಿರಿನ ವಿಷಯದಲ್ಲಿ ಎರಡು ವರ್ಷ ಪಾಠ ಕೇಳಿದವಳಿಗೆ ಆ ಬಾಟಲಿಯಲ್ಲಿ ಏನಿದೆ ಎಂದು ನೋಡಬೇಕು ಅನ್ನಿಸಲಿಲ್ಲ. ಹಬ್ಬದ ಕೆಲಸದಲ್ಲಿ ಕೆಟ್ಟದ್ದೇನೂ ಇರುವುದಿಲ್ಲ ಎಂದು ನಮ್ಮ ಮನೆಗಳಲ್ಲಿ ಒಂದು ನಂಬಿಕೆ. ಸಂಜೆ ಯಂತ್ರವನ್ನು ಮತ್ತೊಮ್ಮೆ ಶುದ್ಧ ನೀರಿನಲ್ಲಿ ಪರೀಕ್ಷಿಸಬೇಕಿತ್ತು. ಗೆಳತಿಯ ಮನೆಯಲ್ಲಿ ಊಟವಿತ್ತು, ಬಿಟ್ಟು ಹೋದೆ.

ಮರುದಿನ ಲೆಕ್ಕ ಬಿಡಿಸಿದರೆ, ಅಮೋನಿಯಂ ನಾವು ಎಣಿಸಿದ್ದಕ್ಕಿಂತ ನಾಲ್ಕು ಪಟ್ಟು. ಹೆಲೆನ್ ಕುರ್ಚಿಯಿಂದ ಎದ್ದು ನಿಂತರು. ಹತ್ತು ವರ್ಷದಲ್ಲಿ ಇಂಥ ಅಂಕಿ ನೋಡಿಲ್ಲ ಅಂದರು. ಸಂಜೆಯೊಳಗೆ ನಾವಿಬ್ಬರೂ ಕೂತು ಒಂದು ದೊಡ್ಡ ಸಮ್ಮೇಳನಕ್ಕೆ ಪ್ರಬಂಧದ ಸಾರಾಂಶ ಕಳಿಸಿಯಾಗಿತ್ತು. ನಾನು ಅಮ್ಮನಿಗೆ ಫೋನು ಮಾಡಿ, ಪೂಜೆ ಫಲ ಕೊಟ್ಟಿತು ಅಂದೆ.

ಶುಕ್ರವಾರ ಅಡಿವೆಪ್ಪನವರು ಬಂದರು. ಬನ್ನಿ ಎಲೆ ಲೆಸ್ಟರಿನಲ್ಲೂ ಸಿಕ್ಕಿರಲಿಲ್ಲವಂತೆ, ಯಾರದೋ ಬೇಲಿಯ ಎಲೆ ತಂದಿದ್ದರು. ನನ್ನ ಕೈಯಲ್ಲಿಟ್ಟು, “ಬಂಗಾರ ತಗೊಂಡು ಬಂಗಾರದಾಂಗ ಇರೂಣವಾ” ಅಂದರು. ಯಂತ್ರದ ಮೇಲಿನ ಕುಂಕುಮ ನೋಡಿ ನಕ್ಕರು. ಆಮೇಲೆ ನನ್ನ ಗ್ರಾಫ್ ನೋಡಿದರು. ನಗು ನಿಂತಿತು. ಪೆನ್ಸಿಲ್ ತೆಗೆದು, ಅದೇ ನಲವತ್ತು ಅಂಕಿಗಳನ್ನು ಕಡಲಿನ ಜಾಗಗಳ ಕ್ರಮ ಬಿಟ್ಟು ಟ್ರೇಯಲ್ಲಿ ಟ್ಯೂಬುಗಳು ನಿಂತಿದ್ದ ಕ್ರಮದಲ್ಲಿ ಬರೆದರು. ಮುಚ್ಚಳದ ಗಾಜಿಗೆ ಹತ್ತಿರದ ಮೊದಲ ಸಾಲು ಎಲ್ಲಕ್ಕಿಂತ ಹೆಚ್ಚು. ಎರಡನೆಯದು ಅದಕ್ಕಿಂತ ಕಡಿಮೆ. ಕೊನೆಯ ಸಾಲು ಎಲ್ಲಕ್ಕಿಂತ ಕಡಿಮೆ.

“ಸಮುದ್ರಕ್ಕ ನಮ್ಮ ಟ್ರೇ ಗೊತ್ತೈತೇನು ತಂಗಿ?” ಅಂದರು. “ಅವತ್ತ ಏನರ ಹೊಸಾದು ಮಾಡಿದ್ಯೇನು?”

ಆ ನೀಲಿ ದ್ರವದ ಘಾಟು ಮೂಗಿಗೆ ಬಂದ ಹಾಗಾಯಿತು. ಆದರೂ ಬಾಯಿಂದ ಬಂದದ್ದು, “ಇಲ್ಲ ಸರ್. ಕುಂಕುಮ ಇಟ್ಟೆ, ಅಷ್ಟೇ.”

ಸಂಜೆ ಮನೆಗೆ ಹೋಗಿ ಸಿಂಕಿನ ಕೆಳಗೆ ಮಂಡಿಯೂರಿ ಆ ಬಾಟಲಿಯ ಹಿಂಬದಿಯ ಸಣ್ಣ ಅಕ್ಷರ ಓದಿದೆ. ಅಮೋನಿಯ ಎಂದು ಬರೆದಿತ್ತು; ನೀರಿಗೆ ಸೇರಿದರೆ ಅದೇ ಅಮೋನಿಯಂ. ಇದಕ್ಕೆ ಮೊದಲು ಹೇಳಿದ್ದನ್ನು ಗೊತ್ತಿಲ್ಲದೆ ಹೇಳಿದೆ ಅನ್ನಬಹುದು. ಇದಾದ ಮೇಲೆ ಸುಮ್ಮನಿದ್ದದ್ದಕ್ಕೆ ಯಾವ ಸಬೂಬೂ ಇಲ್ಲ. ಸಾರಾಂಶ ಹೋಗಿಬಿಟ್ಟಿದೆ, ಹೆಲೆನ್ ನಾಲ್ಕು ಜನಕ್ಕೆ ಹೇಳಿದ್ದಾರೆ, ಬಾಟಲಿಗಳು ಖಾಲಿಯಾಗಿವೆ, ನನ್ನ ಮೂರನೆಯ ವರ್ಷ ಶುರುವಾಗಿದೆ. ಹೆದರಿಕೊಂಡೆ. ಶನಿವಾರ, ಭಾನುವಾರ ಹೊದಿಕೆಯೊಳಗೆ ಮಲಗಿ ಕಳೆದೆ. ಸೋಮವಾರ ಲ್ಯಾಬಿಗೆ ಹೋದರೂ ಅಡಿವೆಪ್ಪನವರ ಕಣ್ಣು ತಪ್ಪಿಸಿ ಓಡಾಡಿದೆ.

ಮಂಗಳವಾರ ಹೆಲೆನ್ ನನ್ನನ್ನು ಕರೆದು ಬಾಗಿಲು ಹಾಕಿಕೊಂಡರು. ಅಡಿವೆಪ್ಪನವರು ಅವರಿಗೆ ಈಮೇಲ್ ಬರೆದಿದ್ದರು. ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ ಓದು ಅಂದರು. ಈ ಅಂಕಿಗಳು ಸರಿಯಿಲ್ಲ, ಟ್ಯೂಬು ತೊಳೆದವನು ನಾನು, ವಾರಾಂತ್ಯದಲ್ಲಿ ಬಂದು ಯಂತ್ರವನ್ನೂ ಆಮ್ಲವನ್ನೂ ನೀರನ್ನೂ ಪರೀಕ್ಷಿಸಿದೆ, ಅವುಗಳಲ್ಲಿ ದೋಷವಿಲ್ಲ, ಆದ್ದರಿಂದ ಜಾಲಿಸುವಾಗ ನಾನೇ ತಪ್ಪಿರಬೇಕು, ನನ್ನ ಕಣ್ಣು ಮೊದಲಿನ ಹಾಗಿಲ್ಲ, ಹುಡುಗಿಯ ತಪ್ಪು ಏನೂ ಇಲ್ಲ. ಇಷ್ಟು.

ಹೆಲೆನ್ ಕೆಟ್ಟವರಲ್ಲ. ತುಂಬ ಮರುಕದಿಂದಲೇ ಹೇಳಿದರು, “ಹತ್ತೊಂಬತ್ತು ವರ್ಷದಲ್ಲಿ ಇದು ಮೊದಲ ಸಲ. ಪಾಪ, ವಯಸ್ಸು. ಜನವರಿಯಿಂದ ಅವರಿಗೆ ಸ್ಟೋರ್‌ನಲ್ಲಿ ಕೂರುವ ಕೆಲಸ ಕೊಡೋಣ ಅಂದುಕೊಂಡಿದ್ದೇನೆ. ನಿನ್ನೆ ಅವರೇ ಬಂದು ಕೇಳಿಕೊಂಡರು.”

ಅಡಿವೆಪ್ಪನವರ ಕೈಯಿಂದ ಟ್ಯೂಬು ಕಿತ್ತುಕೊಂಡರೆ ಆ ಮನುಷ್ಯನಲ್ಲಿ ಉಳಿಯುವುದೇನು? ನನಗೆ ತಡೆಯಲಾಗಲಿಲ್ಲ. ಅಲ್ಲೇ, ನಿಂತ ಕಾಲಲ್ಲೇ, ನೀಲಿ ದ್ರವ, ತೆರೆದ ಟ್ಯೂಬು, ಬಿಟ್ಟುಹೋದ ಸಂಜೆಯ ಪರೀಕ್ಷೆ, ಶುಕ್ರವಾರದ ಸುಳ್ಳು ಎಲ್ಲ ಹೇಳಿಬಿಟ್ಟೆ. ಆಯುಧ ಪೂಜೆ ಅಂದರೇನು ಎಂದು ಹೆಲೆನ್ ಅವರಿಗೆ ತಿಳಿಸುವುದಕ್ಕೇ ಐದು ನಿಮಿಷ ಹಿಡಿಯಿತು. ಕೊನೆಗೆ, “ನನಗೆ ಮೊದಲು ಹೇಳಿದ್ದು ಸರಿ. ಈಗ ಕೆಳಗೆ ಹೋಗಿ ಅವರಿಗೆ ಹೇಳು” ಅಂದರು.

ಆ ನೀರಿನ ಕಥೆಯನ್ನು ಇಲ್ಲೇ ಮುಗಿಸಿಬಿಡುತ್ತೇನೆ, ಯಾಕೆಂದರೆ ನಾನು ಹೇಳಹೊರಟದ್ದು ಅದನ್ನಲ್ಲ. ಹೆಲೆನ್ ಸಾರಾಂಶ ವಾಪಸ್ ಪಡೆದರು, ನನ್ನ ಜೊತೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ, ಆಮೇಲೆ ಬೇರೆ ಲ್ಯಾಬಿನವರ ಕೈಕಾಲು ಹಿಡಿದು ಎರಡನೆಯ ಬಾಟಲಿಗಳನ್ನು ನನಗೆ ಬಿಡಿಸಿಕೊಟ್ಟರು. ಅಡಿವೆಪ್ಪನವರು ತೊಳೆದ ಟ್ಯೂಬುಗಳಲ್ಲೇ ಅಳೆದೆವು. ಅಮೋನಿಯಂ ನಾಲ್ಕು ಪಟ್ಟು ಇರಲಿಲ್ಲ. ಸ್ವಲ್ಪವೇ ಇತ್ತು, ಆದರೆ ಸೊನ್ನೆಯಲ್ಲ. ಜೂನ್ ಕೊನೆಯ ನೀರಿಗಿಂತ ಜುಲೈ ಕೊನೆಯ ನೀರಿನಲ್ಲಿ ಅದು ಕಡಿಮೆಯಾಗಿತ್ತು, ನೈಟ್ರೇಟ್ ಒಂದಿಷ್ಟು ಹೆಚ್ಚಾಗಿತ್ತು. ಬೆಳಕು ಕುಗ್ಗಿದ, ಮಂಜುಗಡ್ಡೆಯ ಅಂಚಿನ ಆ ನೀರಿನಲ್ಲಿ ಸೂಕ್ಷ್ಮಾಣುಗಳು ಸದ್ದಿಲ್ಲದೆ ವಸಂತಕ್ಕೆ ಉಗ್ರಾಣ ತುಂಬುತ್ತಿದ್ದವು. ಯಾರೂ ಕುರ್ಚಿಯಿಂದ ಎದ್ದು ನಿಲ್ಲುವಂಥ ಅಂಕಿಯಲ್ಲ. ಆದರೆ ಕಡಲಿನದೇ ಅಂಕಿ. ಕೆಟ್ಟ ನಲವತ್ತು ಅಂಕಿಗಳನ್ನೂ, ಕೆಡಿಸಿದವಳ ಹೆಸರನ್ನೂ ಥೀಸಿಸ್ಸಿನ ಅನುಬಂಧದಲ್ಲಿ ಹಾಕಿದ್ದೇನೆ.

ಇನ್ನು ಆ ಮಂಗಳವಾರ. ತೊಳೆಯುವ ಕೋಣೆ ನೆಲಮಾಳಿಗೆಯಲ್ಲಿದೆ. ಮೆಟ್ಟಿಲಿಳಿಯುತ್ತ, ಬೈದರೆ ಏನು ಹೇಳಬೇಕು, ಬೈಯದೆ ಮುಖ ತಿರುಗಿಸಿದರೆ ಏನು ಹೇಳಬೇಕು ಎಂದು ಪಾಠ ಮಾಡಿಕೊಳ್ಳುತ್ತಿದ್ದೆ. ಅಡಿವೆಪ್ಪನವರು ಸ್ಟೂಲಿನ ಮೇಲೆ ಕೂತು, ಕನ್ನಡಕವನ್ನು ಹಣೆಗೆ ಏರಿಸಿ, ಒಂದು ಟ್ಯೂಬನ್ನು ದೀಪಕ್ಕೆ ಹಿಡಿದು ನೋಡುತ್ತಿದ್ದರು. ಪಕ್ಕದಲ್ಲಿ ನೂರಾರು ಟ್ಯೂಬುಗಳು ಒದ್ದೆಯಾಗಿ ನಿಂತಿದ್ದವು. ಲ್ಯಾಬಿನಲ್ಲಿದ್ದ ಎಲ್ಲವನ್ನೂ ಅವರು ಮತ್ತೆ ತೊಳೆಯುತ್ತಿದ್ದರು.

“ಸರ್, ತಪ್ಪು ನಂದು” ಅಂದೆ. “ನೀವು ತೊಳೆದದ್ದು ಸರಿಯಾಗೇ ಇತ್ತು. ನಾನು ಪೂಜೆಗೆ ಅಂತ ಗಾಜು ಒರೆಸೋ ಲಿಕ್ವಿಡ್ ಹಾಕಿ ಮಿಷನ್ ಒರೆಸಿದೆ. ಟ್ಯೂಬ್ ತೆರೆದೇ ಇತ್ತು. ಶುಕ್ರವಾರ ನಿಮ್ಮ ಹತ್ರ ಸುಳ್ಳು ಹೇಳಿದೆ.”

ಅವರು ಬೈಯಲಿಲ್ಲ. ಒಂದೊಂದೇ ಪ್ರಶ್ನೆ ಕೇಳಿದರು. ಎಷ್ಟು ಸಲ ಚಿಮುಕಿಸಿದೆ? ಮುಚ್ಚಳ ಎತ್ತಿತ್ತೋ ಇಳಿಸಿತ್ತೋ? ಒರೆಸಿ ಎಷ್ಟು ಹೊತ್ತಿಗೆ ಬಟನ್ ಒತ್ತಿದೆ? ಕೇಳುತ್ತ ಕೇಳುತ್ತ ಅವರ ಮುಖ ಬದಲಾಗತೊಡಗಿತು. ನಾನು ಅದನ್ನು ಕೋಪ ಅಂದುಕೊಂಡೆ.

“ಮೊದಲನೇ ಸಾಲಿಗೆ ಹೆಚ್ಚು ಹತ್ತೈತಿ. ಗಾಜಿನ ಹತ್ರ ಇತ್ತಲ್ಲ. ಬರೋಬ್ಬರಿ ಕೂಡತೈತಿ” ಅಂದರು. ಕೈಗವಸು ಬಿಚ್ಚಿದರು. ಆಮ್ಲಕ್ಕೂ ನೀರಿಗೂ ಸವೆದು ಬಿಳಚಿದ ಬೆರಳುಗಳು. ಅವನ್ನೊಮ್ಮೆ ತಿರುಗಿಸಿ ನೋಡಿಕೊಂಡು ಜೇಬಿನಿಂದ ಫೋನು ತೆಗೆದರು.

“ಪ್ರಭಾ, ಅದು ಸಿಕ್ತು. ನಾ ತೊಳದದ್ದು ಬರೋಬ್ಬರಿ ಇತ್ತಂತ… ಹೂಂ… ಖರೇನ. ನನ್ನ ಕೈ ಸರಿ ಅದಾವ. ನರದ ಡಾಕ್ಟರಗ ಬರಿಯೂದು ಬ್ಯಾಡ ಈಗ.” ಅತ್ತಲಿಂದ ಪ್ರಭಾವತಿಯವರು ಏನೋ ಕೇಳಿದರು. ಅಡಿವೆಪ್ಪನವರು ನನ್ನ ಕಡೆ ನೋಡಲಿಲ್ಲ. “ಯಾರರ ಇರ್ಲಿ ಬಿಡು. ತಾವ ಬಂದು ಹೇಳ್ಯಾರ.”

ಫೋನಿಟ್ಟ ಮೇಲೆ ಅವರೇ ಹೇಳಿದರು. ಅವರ ತಂದೆಗೆ ಅರವತ್ತಕ್ಕೆ ಕೈ ನಡುಕ ಶುರುವಾಗಿ, ಕೊನೆಕೊನೆಗೆ ತುತ್ತು ಬಾಯಿಗೆ ಬರುತ್ತಿರಲಿಲ್ಲವಂತೆ. ಶುಕ್ರವಾರದಿಂದ ಇವರು ಅದೇ ತಮಗೂ ಬಂತು ಅಂದುಕೊಂಡಿದ್ದರು. ಶನಿವಾರವೂ ಭಾನುವಾರವೂ ಈ ಕೋಣೆಯಲ್ಲಿ ಕೂತು, ಟ್ಯೂಬು ಹಿಡಿದು, ಕೈ ನಡುಗುತ್ತದೆಯೇ ಎಂದು ನೋಡಿಕೊಂಡಿದ್ದರು. ನಾನು ಹೊದಿಕೆಯೊಳಗೆ ಮಲಗಿ ನನ್ನ ಪಿಎಚ್‌ಡಿಯ ಬಗ್ಗೆ ಅಳುತ್ತಿದ್ದ ಅದೇ ಎರಡು ದಿನ.

ನಾನು ಕ್ಷಮಿಸಿ ಅನ್ನಲು ಹೋದೆ. ಅಷ್ಟರಲ್ಲಿ ಅಡಿವೆಪ್ಪನವರು ಸ್ಟೂಲಿನಿಂದ ಎದ್ದು ನಿಂತರು. ನನಗಿಂತ ಮೂವತ್ತು ವರ್ಷ ದೊಡ್ಡವರು, ನನ್ನೆದುರು ಎರಡೂ ಕೈ ಜೋಡಿಸಿದರು. ಆ ಕೈಗಳು ಒಂದಿಷ್ಟೂ ನಡುಗಲಿಲ್ಲ.

“ಭಾಳ ಉಪಕಾರ ಆತವಾ” ಅಂದರು. “ಬಂದು ಹೇಳಿದಿ.”